ಲಿವರ್ ಉರಿಯೂತ ನೋಡೋಕೆ ಸಿಂಗಲ್ ಸೆಲ್ ಸೀಕ್ವೆನ್ಸಿಂಗ್ ಮಾಡಿಸಲೇಬೇಕಾ?

ಪ್ರಶ್ನೆ: ನಾನು ಧಾರವಾಡದಲ್ಲಿ ಪಿಎಚ್.ಡಿ. ಮೂರನೇ ವರ್ಷದಲ್ಲಿದ್ದೇನೆ. ಕೊಬ್ಬಿನ ಆಹಾರ ತಿನ್ನಿಸಿದ ಮೌಸ್‌ಗಳ ಲಿವರ್ ಮೇಲೆ ನನ್ನ ಕೆಲಸ. ಲಿವರ್ ತುಂಡಿನಿಂದ ಆರ್‌ಎನ್‌ಎ ತೆಗೆದು ಬಲ್ಕ್ ಆರ್‌ಎನ್‌ಎ-ಸೀಕ್ (ಎಲ್ಲ ಕೋಶಗಳ ಆರ್‌ಎನ್‌ಎಯನ್ನು ಒಟ್ಟಿಗೇ ಓದುವುದು) ಮಾಡಿಸಿದ್ದೇವೆ. ಉರಿಯೂತದ ಜೀನ್‌ಗಳು, ಅದರಲ್ಲೂ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳವು, ಜಾಸ್ತಿಯಾಗಿವೆ. ಪೇಪರ್ ಕಳಿಸಿದರೆ ರಿವ್ಯೂವರ್ ‘ಸಿಂಗಲ್ ಸೆಲ್ ಮಾಡಿ’, ಅಂದರೆ ಒಂದೊಂದು ಕೋಶದ ಆರ್‌ಎನ್‌ಎಯನ್ನೂ ಬೇರೆ ಬೇರೆಯಾಗಿ ಓದಿಸಿ, ಅಂದಿದ್ದಾರೆ. ಗೈಡ್ ಸರ್ ಕೂಡ ಅದನ್ನೇ ಹೇಳುತ್ತಿದ್ದಾರೆ. ಗ್ರಾಂಟ್‌ನಲ್ಲಿ ಒಂದು ಸಲಕ್ಕೆ ಆಗುವಷ್ಟು ಹಣ ಮಾತ್ರ ಇದೆ. ಉಳಿದ ಲಿವರ್ ಮೈನಸ್ 80ರ ಫ್ರೀಜರ್‌ನಲ್ಲಿದೆ, ಲಿವರ್ ತುಂಡನ್ನು ಮೇಣದಲ್ಲಿ ಹುದುಗಿಸಿದ ಕೆಲವು ಪ್ಯಾರಾಫಿನ್ ಬ್ಲಾಕ್‌ಗಳೂ ಇವೆ. ಮಾಡಿಸಬೇಕಾ? ಮಾಡಿಸಿದರೆ ಹೇಗೆ?

ಉತ್ತರ: ಮಾಡಿಸಬಹುದು, ಆದರೆ ಈಗಲೇ ಬೇಡ. ನಿಮ್ಮ ಕೈಯಲ್ಲೇ ಇರುವ ಡೇಟಾ ಮತ್ತು ಬ್ಲಾಕ್‌ಗಳಿಂದ ಅರ್ಧ ಉತ್ತರ ಸಿಗುತ್ತದೆ. ಅದು ಸಿಕ್ಕಿದ ಮೇಲೆ ಹಣವನ್ನು ಎಲ್ಲಿ ಹಾಕಬೇಕು ಅನ್ನೋದು ಸ್ಪಷ್ಟವಾಗುತ್ತದೆ.

ರಿವ್ಯೂವರ್ ಸುಮ್ನೆ ಫ್ಯಾಷನ್‌ಗೆ ಕೇಳಿದ್ದಾರೆ ಅಂದುಕೊಳ್ಳಬೇಡಿ. ಅವರ ಅನುಮಾನ ಸರಿಯಾಗಿಯೇ ಇದೆ. ಲಿವರ್ ತುಂಡನ್ನು ಅರೆದಾಗ ಎಲ್ಲ ಬಗೆಯ ಕೋಶಗಳ ಆರ್‌ಎನ್‌ಎ ಒಂದೇ ಟ್ಯೂಬಿಗೆ ಬೀಳುತ್ತದೆ. ಅದರಲ್ಲಿ ಬಹುಪಾಲು ಲಿವರ್‌ನ ಮುಖ್ಯ ಕೋಶಗಳಾದ ಹೆಪಟೊಸೈಟ್‌ಗಳದು. ಮ್ಯಾಕ್ರೋಫೇಜ್‌ಗಳ ಪಾಲು ತೀರಾ ಸಣ್ಣದು. ಈಗ ಒಂದು ಮ್ಯಾಕ್ರೋಫೇಜ್ ಜೀನ್ ಮೂರು ಪಟ್ಟು ಏರಿದೆ ಅನ್ನಿ. ಇದ್ದಷ್ಟೇ ಮ್ಯಾಕ್ರೋಫೇಜ್‌ಗಳು ಆ ಜೀನನ್ನು ಮೂರು ಪಟ್ಟು ಓಡಿಸುತ್ತಿರಬಹುದು, ಅಂದರೆ ಅದರ ಆರ್‌ಎನ್‌ಎಯನ್ನು ಅಷ್ಟು ಹೆಚ್ಚು ತಯಾರಿಸುತ್ತಿರಬಹುದು. ಇಲ್ಲವೇ ಮ್ಯಾಕ್ರೋಫೇಜ್‌ಗಳ ಸಂಖ್ಯೆಯೇ ಮೂರು ಪಟ್ಟಾಗಿರಬಹುದು. ಇಲ್ಲವೇ ಹಳೆಯವು ಸತ್ತು, ರಕ್ತದಿಂದ ಹೊಸವು ಬಂದು ಆ ಜಾಗದಲ್ಲಿ ಕೂತಿರಬಹುದು. ಬಲ್ಕ್ ಡೇಟಾದಲ್ಲಿ ಈ ಮೂರೂ ಒಂದೇ ಥರ ಕಾಣುತ್ತವೆ.

ಕೊಬ್ಬು ತುಂಬಿದ ಲಿವರ್‌ನಲ್ಲಿ ಆ ಮೂರನೆಯದು ನಿಜವಾಗಿಯೂ ನಡೆಯುತ್ತದೆ. ಲಿವರ್‌ನಲ್ಲಿ ಮೊದಲಿಂದ ಇರುವ ಮ್ಯಾಕ್ರೋಫೇಜ್‌ಗಳಿಗೆ ಕುಪ್ಫರ್ ಕೋಶಗಳು ಅಂತ ಹೆಸರು. ಇವು ಭ್ರೂಣದ ಹಂತದಲ್ಲೇ ಬಂದು ನೆಲೆಸಿ, ತಮ್ಮನ್ನು ತಾವೇ ಹೆಚ್ಚಿಸಿಕೊಳ್ಳುತ್ತವೆ. ಕಾಯಿಲೆ ಮುಂದುವರಿದ ಮೌಸ್ ಲಿವರ್‌ನಲ್ಲಿ ಇವುಗಳಲ್ಲಿ ಹಲವು ಸಾಯುತ್ತವೆ, ಖಾಲಿಯಾದ ಜಾಗಕ್ಕೆ ರಕ್ತದ ಮಾನೊಸೈಟ್ ಅನ್ನೋ ಬಿಳಿ ಕೋಶಗಳಿಂದ ಹುಟ್ಟಿದವು ಬರುತ್ತವೆ ಅಂತ 2020ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ತೋರಿಸಿದವು. ಅದಕ್ಕೂ ಮೊದಲು, 2019ರಲ್ಲಿ, ಟ್ರೆಮ್2 ಜೀನ್ ಜೋರಾಗಿ ಓಡುವ ಒಂದು ಬಗೆಯ ಮ್ಯಾಕ್ರೋಫೇಜ್ ಕೊಬ್ಬಿದ ಮೌಸ್ ಲಿವರ್‌ನಲ್ಲೂ ಮನುಷ್ಯರ ಸಿರೋಸಿಸ್ ಲಿವರ್‌ನ ಕಲೆಗಟ್ಟಿದ ಭಾಗದಲ್ಲೂ ಸಿಕ್ಕಿತ್ತು. ಇದರಲ್ಲಿ ಬಹಳಷ್ಟು ಸಿಂಗಲ್ ಸೆಲ್‌ನ ನೆರವಿನಿಂದ ಹೊರಬಂದ ಸಂಗತಿ. ಹಾಗಾಗಿ ರಿವ್ಯೂವರ್‌ಗೆ ಬೇಕಾಗಿರೋದು ಒಂದೇ: ನಿಮ್ಮ ಉರಿಯೂತ ಯಾವ ಕೋಶದ್ದು?

ಉಪಾಯಕ್ಕೆ ಬರುವ ಮುಂಚೆ ಈ ತಂತ್ರ ಕೆಲಸ ಮಾಡುವ ಬಗೆ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಿದ್ದರೆ ದುಡ್ಡು ಎಲ್ಲಿ ಸೋರುತ್ತದೆ ಅಂತಲೂ ಗೊತ್ತಾಗುತ್ತದೆ.

ಒಂದು ಕೋಶದಲ್ಲಿರುವ ಒಟ್ಟು ಆರ್‌ಎನ್‌ಎ ಸುಮಾರು 10ರಿಂದ 30 ಪಿಕೊಗ್ರಾಂ. ಅದರಲ್ಲಿ ನಮಗೆ ಬೇಕಾದ ಮೆಸೆಂಜರ್ ಆರ್‌ಎನ್‌ಎ ನೂರಕ್ಕೆ 1ರಿಂದ 5 ಪಾಲು. ಇಷ್ಟನ್ನು ಹಿಡಿದು ಸೀಕ್ವೆನ್ಸ್ ಮಾಡಬಹುದು ಅಂತ 2009ರಲ್ಲಿ ಕೇಂಬ್ರಿಜ್‌ನ ಅಜೀಂ ಸುರಾನಿ ಅವರ ತಂಡ ಮೌಸ್ ಭ್ರೂಣದ ಕೋಶದಲ್ಲಿ ಮಾಡಿ ತೋರಿಸಿತು. ಆಗ ಒಂದೊಂದೇ ಕೋಶವನ್ನು ಕೈಯಿಂದ ಎತ್ತಬೇಕಿತ್ತು. ಸಾವಿರಾರು ಕೋಶಗಳ ಕಾಲ ಬಂದದ್ದು 2015ರಲ್ಲಿ. ಹಾರ್ವರ್ಡ್‌ನ ಎರಡು ತಂಡಗಳು ಡ್ರಾಪ್-ಸೀಕ್ ಮತ್ತು ಇನ್‌ಡ್ರಾಪ್ ಅನ್ನೋ ವಿಧಾನಗಳನ್ನು ಒಂದೇ ಸಮಯಕ್ಕೆ ಪ್ರಕಟಿಸಿದವು. ಡ್ರಾಪ್-ಸೀಕ್ ತಂಡ ಮೌಸ್ ರೆಟಿನಾದ 44,808 ಕೋಶಗಳನ್ನು ಓದಿ 39 ಗುಂಪುಗಳನ್ನು ಗುರುತಿಸಿತು. ಈಗ ಹೆಚ್ಚಿನ ಕಡೆ ಸಿಗುವ 10ಎಕ್ಸ್ ಕಂಪನಿಯ ಕ್ರೋಮಿಯಂ ಯಂತ್ರವೂ ಎಣ್ಣೆಯಲ್ಲಿ ಸಣ್ಣ ನೀರಹನಿ ಮಾಡುವ ಅದೇ ಉಪಾಯದ್ದು.

ಕೋಶ ಬಿದ್ದ ಹನಿಯಲ್ಲಿ ಸಾಮಾನ್ಯವಾಗಿ ಒಂದು ಕೋಶ, ಒಂದು ಜೆಲ್ ಮಣಿ. ಮಣಿಯ ಮೈತುಂಬ ಡಿಎನ್‌ಎ ಎಳೆಗಳು. ಒಂದು ಮಣಿಯ ಎಲ್ಲ ಎಳೆಗಳಲ್ಲೂ ಒಂದೇ ಬಾರ್‌ಕೋಡ್, ಪಕ್ಕದ ಮಣಿಯದ್ದು ಬೇರೆ. ಕೋಶ ಹನಿಯೊಳಗೇ ಒಡೆದು ಅದರ ಆರ್‌ಎನ್‌ಎ ಆ ಎಳೆಗಳಿಗೆ ಅಂಟುತ್ತದೆ. ಮಡಿವಾಳರು ಹಿಂದೆ ಕರಿಗೇರಿನ ರಸದಲ್ಲಿ ಒಂದೊಂದು ಮನೆಯ ಬಟ್ಟೆಗೂ ಒಂದೊಂದು ಗುರುತು ಹಾಕಿ, ಆಮೇಲೆ ಊರಿನ ಬಟ್ಟೆಯನ್ನೆಲ್ಲ ಒಟ್ಟಿಗೇ ಒಗೆಯುತ್ತಿದ್ದರಲ್ಲ, ಇದೂ ಹಾಗೇ. ಗುರುತು ಬಿದ್ದ ಮೇಲೆ ಹನಿಗಳನ್ನೆಲ್ಲ ಒಡೆದು, ಒಂದೇ ಟ್ಯೂಬಿನಲ್ಲಿ ಬೆರೆಸಿ ಸೀಕ್ವೆನ್ಸ್ ಮಾಡುತ್ತಾರೆ. ಎಳೆಯಲ್ಲಿ ಯುಎಂಐ ಅಂತ ಇನ್ನೊಂದು ಚಿಕ್ಕ ಗುರುತೂ ಇರುತ್ತದೆ. ಪಿಸಿಆರ್‌ನಲ್ಲಿ ಒಂದೇ ಅಣು ನೂರಾರು ಪ್ರತಿಯಾದರೂ ಅದನ್ನು ಒಂದು ಅಂತಲೇ ಎಣಿಸೋಕೆ ಅದು ಬೇಕು.

ಇದರಿಂದ ಏನು ಸಾಧ್ಯ ಅನ್ನೋದಕ್ಕೆ ನನಗೆ ಇಷ್ಟವಾದ ಉದಾಹರಣೆ ಶ್ವಾಸನಾಳದ್ದು. ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯ ಸಿಎಫ್‌ಟಿಆರ್ ಜೀನ್ ಸಿಕ್ಕಿದ್ದು 1989ರಲ್ಲಿ. ಅದು ಶ್ವಾಸನಾಳದ ಮಾಮೂಲಿ ಕೋಶಗಳಲ್ಲಿ ಸ್ವಲ್ಪ ಸ್ವಲ್ಪ ಓಡುತ್ತದೆ ಅಂತ ಬಹುಕಾಲ ಅಂದುಕೊಂಡಿದ್ದರು. 2018ರಲ್ಲಿ ಎರಡು ತಂಡಗಳು ಸಿಂಗಲ್ ಸೆಲ್ ಮಾಡಿದಾಗ, ನೂರರಲ್ಲಿ ಒಂದು ಇದ್ದರೆ ಹೆಚ್ಚು ಅನ್ನುವಷ್ಟು ಅಪರೂಪದ ಒಂದು ಕೋಶ ಎದ್ದು ಬಂತು. ಅದಕ್ಕೆ ಅಯೊನೊಸೈಟ್ ಅಂತ ಹೆಸರಿಟ್ಟರು. ಮೌಸ್ ಶ್ವಾಸನಾಳದಲ್ಲಿ ಆ ಜೀನ್‌ನ ಆರ್‌ಎನ್‌ಎ ಅರ್ಧಕ್ಕಿಂತ ಜಾಸ್ತಿ ಈ ಪುಟ್ಟ ಗುಂಪಿನಲ್ಲೇ ಇತ್ತು. (ಮನುಷ್ಯರಲ್ಲಿ ಸ್ರವಿಸುವ ಕೋಶಗಳ ಪಾಲೂ ದೊಡ್ಡದೇ ಅಂತ ಆಮೇಲೆ ಬೇರೆಯವರು ತೋರಿಸಿದರು. ಆ ವಾದ ಇನ್ನೂ ಪೂರ್ತಿ ಮುಗಿದಿಲ್ಲ.) ಯಾರೂ ಹುಡುಕದೇ ಇದ್ದ ಕೋಶವೊಂದು ಸಿಕ್ಕಿತು ನೋಡಿ, ಸಿಂಗಲ್ ಸೆಲ್‌ನ ನಿಜವಾದ ಬಲ ಇರೋದು ಅಲ್ಲಿ. ನಿಮ್ಮದು ಅಂಥ ಪ್ರಶ್ನೆಯಲ್ಲ. ನೀವು ಹುಡುಕಬೇಕಾದ ಕೋಶಗಳ ಹೆಸರು, ಗುರುತು ಎಲ್ಲ ಈಗಾಗಲೇ ಗೊತ್ತಿದೆ.

ಅದಕ್ಕೇ ಮೊದಲ ಕೆಲಸ ಕಂಪ್ಯೂಟರ್ ಮುಂದೆ. ಬೆಲ್ಜಿಯಂನ ಗಿಲ್ಯಮ್ಸ್ ಮತ್ತು ಸ್ಕಾಟ್ ಅವರ ತಂಡಗಳು 2022ರಲ್ಲಿ ಲಿವರ್ ಸೆಲ್ ಅಟ್ಲಾಸ್ ಪ್ರಕಟಿಸಿದವು. ಆರೋಗ್ಯವಂತ ಮೌಸ್‌ದೂ, ಕೊಬ್ಬಿನ ಆಹಾರ ತಿಂದ ಮೌಸ್‌ದೂ ಡೇಟಾ ಅದರಲ್ಲಿದೆ, ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಅದನ್ನು ಆಧಾರವಾಗಿಟ್ಟುಕೊಂಡು ನಿಮ್ಮ ಬಲ್ಕ್ ಡೇಟಾವನ್ನು ಬಿಡಿಸಿ ನೋಡಿ. ಡಿಕನ್ವಲ್ಯೂಷನ್ ಅಂತಾರೆ ಇದಕ್ಕೆ. ಮ್ಯೂಸಿಕ್, ಬೇಯ್ಸ್‌ಪ್ರಿಸಂ ಥರದ ಸಾಫ್ಟ್‌ವೇರ್ ಇದೆ. ಬರುವ ಶೇಕಡಾವಾರು ಅಂಕಿಗಳನ್ನು ಅಕ್ಷರಶಃ ನಂಬಬೇಡಿ. ಎರಡು ಗುಂಪಿನ ನಡುವೆ ಯಾವುದು ಏರಿದೆ, ಯಾವುದು ಇಳಿದಿದೆ ಅನ್ನೋದನ್ನು ಮಾತ್ರ ನೋಡಿ. ಇದಕ್ಕೂ ಮುಂಚೆ ಒಂದು ಕೆಲಸ ಐದು ನಿಮಿಷದಲ್ಲಿ ಆಗುತ್ತದೆ: ನಿಮ್ಮ ಬಲ್ಕ್ ಪಟ್ಟಿಯಲ್ಲಿ ಕ್ಲೆಕ್4ಎಫ್, ಟಿಮ್‌ಡಿ4, ಟ್ರೆಮ್2 ಈ ಮೂರು ಜೀನ್ ಹುಡುಕಿ. ಮೊದಲನೆಯದು ಮೌಸ್‌ನ ಕುಪ್ಫರ್ ಕೋಶಗಳ ಗುರುತು. ಹೊಸದಾಗಿ ಬಂದವೂ ಅಲ್ಲಿ ನೆಲೆಯೂರಿದ ಮೇಲೆ ಇದನ್ನು ಓಡಿಸುತ್ತವೆ. ಎರಡನೆಯದು ಬಹುಮಟ್ಟಿಗೆ ಮೂಲನಿವಾಸಿಗಳದ್ದು, ಹೊಸಬರಲ್ಲಿ ಅದು ಬರೋಕೆ ತುಂಬ ಕಾಲ ಬೇಕು. ಟಿಮ್‌ಡಿ4 ಇಳಿದು ಟ್ರೆಮ್2 ಏರಿದ್ದರೆ ಕೋಶಗಳೇ ಬದಲಾಗಿವೆ ಅನ್ನೋ ಸುಳಿವು ಸಿಕ್ಕಿತು.

ಎರಡನೇ ಕೆಲಸ ಆ ಪ್ಯಾರಾಫಿನ್ ಬ್ಲಾಕ್‌ಗಳದ್ದು. ಸೆಕ್ಷನ್ ಕತ್ತರಿಸಿ ಕ್ಲೆಕ್4ಎಫ್ ಮತ್ತು ಟಿಮ್4 (ಟಿಮ್‌ಡಿ4 ಜೀನ್‌ನದು) ಪ್ರೊಟೀನ್‌ಗಳಿಗೆ ಆ್ಯಂಟಿಬಾಡಿ ಹಾಕಿ ಎರಡು ಬಣ್ಣದಲ್ಲಿ ನೋಡಿ. ಪ್ಯಾರಾಫಿನ್‌ನಲ್ಲಿ ಕೆಲಸ ಮಾಡುತ್ತದೆ ಅಂತ ಖಚಿತವಿರುವ ಆ್ಯಂಟಿಬಾಡಿಯನ್ನೇ ತರಿಸಿಕೊಳ್ಳಿ; ಫ್ರೋಜನ್ ಸೆಕ್ಷನ್‌ನಲ್ಲಿ ಚೆನ್ನಾಗಿ ಬರುವ ಎಷ್ಟೋ ಆ್ಯಂಟಿಬಾಡಿಗಳು ಪ್ಯಾರಾಫಿನ್‌ನಲ್ಲಿ ಕೈಕೊಡುತ್ತವೆ. ಎರಡೂ ಬಣ್ಣ ಬಂದರೆ ಹಳೆಯ ಕುಪ್ಫರ್ ಕೋಶ. ಕ್ಲೆಕ್4ಎಫ್ ಮಾತ್ರ ಬಂದರೆ ಹೊಸದು ಇರಬೇಕು. ಟ್ರೆಮ್2ಗೆ ಆರ್‌ಎನ್‌ಎಸ್ಕೋಪ್ (ಸೆಕ್ಷನ್‌ನಲ್ಲೇ ಆರ್‌ಎನ್‌ಎ ಕಾಣುವಂತೆ ಮಾಡುವ ವಿಧಾನ) ಮಾಡಿದರೆ ಅದು ಲಿವರ್‌ನ ಯಾವ ಜಾಗದಲ್ಲಿದೆ ಅಂತಲೂ ಗೊತ್ತಾಗುತ್ತದೆ. ಸಿಂಗಲ್ ಸೆಲ್‌ಗೆ ಹೋಲಿಸಿದರೆ ಈ ಖರ್ಚು ಏನೂ ಅಲ್ಲ. ಎಷ್ಟೋ ರಿವ್ಯೂವರ್‌ಗಳಿಗೆ ಇಷ್ಟೇ ಸಾಕಾಗುತ್ತದೆ, ಯಾಕೆಂದರೆ ಅವರ ಪ್ರಶ್ನೆಗೆ ಇದು ನೇರ ಉತ್ತರ. ಇದನ್ನು ಕೂಡಿಸಿ, ಸಿಂಗಲ್ ಸೆಲ್ ಯಾಕೆ ಮಾಡಿಲ್ಲ ಅಂತ ಎರಡು ಸಾಲು ಬರೆದು ಕಳಿಸಿ ನೋಡಿ ಅಂತ ಗೈಡ್‌ಗೆ ಹೇಳಿ. ನನ್ನ ಪ್ರಕಾರ ಮೊದಲ ಪ್ರಯತ್ನ ಇದೇ ಆಗಬೇಕು.

ಇಷ್ಟಾದ ಮೇಲೂ ಹೊಸದಾಗಿ ಬಂದ ಆ ಮ್ಯಾಕ್ರೋಫೇಜ್‌ಗಳು ಏನು ಮಾಡುತ್ತಿವೆ, ಯಾವ ಯಾವ ಜೀನ್ ಓಡಿಸುತ್ತಿವೆ ಅನ್ನೋದು ನಿಮ್ಮ ಪೇಪರ್‌ಗೆ ಮುಖ್ಯ ಅಂತಾದರೆ, ಆಗ ಸಿಂಗಲ್ ಸೆಲ್‌ಗೆ ಹೋಗಿ. ಇಲ್ಲಿಂದ ಮುಂದಿನದು ಕಷ್ಟದ ದಾರಿ.

ಹೊರಗಿನವರು ಯಂತ್ರ, ಸೀಕ್ವೆನ್ಸರ್, ಸಾಫ್ಟ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಈ ಪ್ರಯೋಗ ಕೆಡೋದು ಬಹುತೇಕ ಅದಕ್ಕೂ ಮುಂಚೆಯೇ, ಅಂಗಾಂಶವನ್ನು ಬಿಡಿ ಕೋಶ ಮಾಡುವಾಗ. ಲಿವರ್ ಅಂತೂ ಇದರಲ್ಲಿ ಹಠಮಾರಿ. ಮೌಸ್‌ಗೆ ಅರಿವಳಿಕೆ ಕೊಟ್ಟು, ರಕ್ತನಾಳದ ಮೂಲಕ ಮೊದಲು ಕ್ಯಾಲ್ಸಿಯಂ ಇಲ್ಲದ ದ್ರಾವಣ, ಆಮೇಲೆ ಕೊಲಾಜಿನೇಸ್ ಕಿಣ್ವ ಹರಿಸಬೇಕು. ಹೆಪಟೊಸೈಟ್ 20ರಿಂದ 30 ಮೈಕ್ರಾನ್ ಇರುವ ದೊಡ್ಡ ಕೋಶ, ಮೆತ್ತಗೆ ಬೇರೆ. ಕೊಬ್ಬು ತುಂಬಿದ್ದರೆ ಇನ್ನೂ ಬೇಗ ಒಡೆಯುತ್ತದೆ. ಒಡೆದರೆ ಅದರ ಆರ್‌ಎನ್‌ಎ ದ್ರಾವಣದಲ್ಲೆಲ್ಲ ತೇಲುತ್ತದೆ, ಎಲ್ಲ ಹನಿಗಳಿಗೂ ನುಗ್ಗುತ್ತದೆ. ಕಡೆಗೆ ನಿಮ್ಮ ಮ್ಯಾಕ್ರೋಫೇಜ್‌ಗಳಲ್ಲೂ ಹೆಪಟೊಸೈಟ್‌ನ ಅಲ್ಬ್ಯುಮಿನ್ ಜೀನ್ ಕಾಣುತ್ತದೆ. ಮ್ಯಾಕ್ರೋಫೇಜ್ ಅಲ್ಬ್ಯುಮಿನ್ ಮಾಡಲ್ಲ, ಅಲ್ವಾ? ಹಾಗೆ ಕಂಡರೆ ತೇಲಿಬಂದ ಆರ್‌ಎನ್‌ಎಯ ಕಾಟ ಅಂತ ತಿಳಿಯಿರಿ. ಸೂಪ್‌ಎಕ್ಸ್, ಸೆಲ್‌ಬೆಂಡರ್ ಥರದ ಪ್ರೋಗ್ರಾಂಗಳು ಇದನ್ನು ಒಂದು ಮಟ್ಟಕ್ಕೆ ಕಳೆಯುತ್ತವೆ, ಪೂರ್ತಿ ಅಲ್ಲ.

ಇನ್ನೊಂದು ಅಪಾಯ ನಿಮ್ಮಂಥವರಿಗೆ ತುಂಬ ಮುಖ್ಯ. ಕೊಲಾಜಿನೇಸ್‌ನಲ್ಲಿ 37 ಡಿಗ್ರಿಯಲ್ಲಿ ಇದ್ದಷ್ಟು ಹೊತ್ತೂ ಕೋಶ ಬದುಕಿರುತ್ತದೆ, ಗಾಬರಿಯಾಗಿ ಹೊಸ ಜೀನ್‌ಗಳನ್ನು ಓಡಿಸುತ್ತದೆ. ಸ್ನಾಯುವಿನ ಕಾಂಡಕೋಶಗಳಲ್ಲಿ ಫಾಸ್, ಜುನ್ ಜೀನ್‌ಗಳು ಹೀಗೆ ಬಿಡಿಸುವಾಗಲೇ ಏರಿದ್ದನ್ನು 2017ರಲ್ಲಿ ಡಚ್ ತಂಡವೊಂದು ತೋರಿಸಿತು. ನೀವು ಹುಡುಕುತ್ತಿರೋದೇ ಉರಿಯೂತದ ಜೀನ್‌ಗಳನ್ನು. ಕಾಯಿಲೆಯ ಉರಿಯೂತ ಯಾವುದು, ಟ್ಯೂಬಿನಲ್ಲಿ ಹುಟ್ಟಿದ್ದು ಯಾವುದು ಅಂತ ಆಮೇಲೆ ಬೇರ್ಪಡಿಸೋದು ಕಷ್ಟ. ಹೊಸ ಆರ್‌ಎನ್‌ಎ ತಯಾರಾಗುವುದನ್ನೇ ತಡೆಯುವ ಆಕ್ಟಿನೊಮೈಸಿನ್-ಡಿ ಯನ್ನು ದ್ರಾವಣಕ್ಕೆ ಸೇರಿಸಿ ಕೆಲವರು ಇದನ್ನು ತಪ್ಪಿಸುತ್ತಾರೆ. ಎರಡು ಗುಂಪಿನ ಮೌಸ್‌ಗಳನ್ನೂ ಒಂದೇ ದಿನ, ಅಷ್ಟೇ ನಿಮಿಷ, ಅದೇ ಬ್ಯಾಚ್ ಕಿಣ್ವದಲ್ಲಿ ಮಾಡೋದಂತೂ ಕಡ್ಡಾಯ.

ಈಗ ನಿಮ್ಮ ಫ್ರೀಜರ್‌ಗೆ ಬರೋಣ. ಫ್ರೀಜ್ ಆದ ಲಿವರ್‌ನಿಂದ ಇಡೀ ಕೋಶ ಸಿಗಲ್ಲ, ಮಂಜಿನ ಹರಳು ಪೊರೆಯನ್ನು ಹರಿದಿರುತ್ತದೆ. ಆದರೆ ನ್ಯೂಕ್ಲಿಯಸ್ ಸಿಗುತ್ತದೆ. ತುಂಡನ್ನು ಡೌನ್ಸ್ ಹೋಮೊಜಿನೈಸರ್‌ನಲ್ಲಿ ತಣ್ಣಗಿರುವಾಗಲೇ ಅರೆದು, ಸೋಸಿ, ನ್ಯೂಕ್ಲಿಯಸ್‌ಗಳನ್ನು ಯಂತ್ರಕ್ಕೆ ಕೊಡಬಹುದು. ಕೊಲಾಜಿನೇಸ್ ಇಲ್ಲ, ಆ ಗಾಬರಿಯೂ ಇಲ್ಲ. ಕೊಬ್ಬಿದ ಹೆಪಟೊಸೈಟ್‌ಗಳೂ ತಪ್ಪಿಹೋಗಲ್ಲ. ಹೊಸ ಮೌಸ್‌ಗಳೂ ಬೇಡ. ಕೇಳೋಕೆ ಚೆನ್ನಾಗಿದೆ, ಆದರೆ ನಿಮ್ಮ ವಿಷಯದಲ್ಲಿ ಎರಡು ತೊಡಕಿದೆ. ನ್ಯೂಕ್ಲಿಯಸ್‌ನಲ್ಲಿ ಆರ್‌ಎನ್‌ಎ ಕಡಿಮೆ, ಮ್ಯಾಕ್ರೋಫೇಜ್‌ನಲ್ಲಿ ಅದು ಮೊದಲೇ ಕಡಿಮೆ. ಜೊತೆಗೆ ಬರುವ ನ್ಯೂಕ್ಲಿಯಸ್‌ಗಳಲ್ಲಿ ಹೆಪಟೊಸೈಟ್‌ಗಳವೇ ತುಂಬಿರುತ್ತವೆ, ಹತ್ತು ಸಾವಿರ ಓದಿದರೂ ಮ್ಯಾಕ್ರೋಫೇಜ್ ಕೆಲವು ನೂರು ಸಿಕ್ಕಬಹುದು ಅಷ್ಟೇ. ಹೆಪಟೊಸೈಟ್ ಬಗ್ಗೆ ಪ್ರಶ್ನೆ ಇದ್ದಿದ್ದರೆ ಫ್ರೀಜರ್ ತುಂಡನ್ನೇ ಬಳಸಿ ಅನ್ನುತ್ತಿದ್ದೆ. ಮ್ಯಾಕ್ರೋಫೇಜ್‌ಗಾದರೆ ತಾಜಾ ಲಿವರ್ ಬೇಕು: ಕೋಶ ಬಿಡಿಸಿ, 50 ಜಿ ವೇಗದಲ್ಲಿ ನಿಧಾನ ತಿರುಗಿಸಿದರೆ ಹೆಪಟೊಸೈಟ್ ಕೆಳಗೆ ಕೂರುತ್ತದೆ. ಮೇಲಿನ ದ್ರಾವಣ ತೆಗೆದುಕೊಂಡು, ಸೆಲ್ ಸಾರ್ಟರ್‌ನಲ್ಲಿ ಸಿಡಿ45 (ಬಿಳಿ ರಕ್ತಕೋಶಗಳ ಗುರುತು) ಇರುವ, ಬದುಕಿರುವ ಕೋಶಗಳನ್ನು ಮಾತ್ರ ಆರಿಸಿಕೊಳ್ಳಿ.

ಧಾರವಾಡ ಅಂದಿರಿ. ಬೆಂಗಳೂರಿನ ಜಿಕೆವಿಕೆ ಆವರಣದ ಸಿ-ಕ್ಯಾಂಪ್‌ನಂಥ ಕಡೆ ಹೊರಗಿನ ಲ್ಯಾಬ್‌ಗಳಿಗೂ ಸೀಕ್ವೆನ್ಸಿಂಗ್ ಸೇವೆ ಸಿಗುತ್ತದೆ. ಆದರೆ ಬಿಡಿ ಕೋಶಗಳನ್ನು ಐಸ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಹಾಕಿದರೆ ಬೆಳಗ್ಗೆ ಹೊತ್ತಿಗೆ ಅರ್ಧ ಸತ್ತಿರುತ್ತವೆ. ಯಂತ್ರಕ್ಕೆ ಕೊಡುವಾಗ ನೂರರಲ್ಲಿ 80ಕ್ಕಿಂತ ಜಾಸ್ತಿ ಬದುಕಿರಬೇಕು, 90 ಇದ್ದರೆ ನೆಮ್ಮದಿ. ಇಂಥವರಿಗಾಗಿಯೇ ಈಗ ಫಿಕ್ಸ್ ಮಾಡಿದ (ರಾಸಾಯನಿಕ ಹಾಕಿ ಇದ್ದ ಸ್ಥಿತಿಯಲ್ಲೇ ಕೆಡದಂತೆ ಹಿಡಿದಿಟ್ಟ) ಕೋಶಗಳ ವಿಧಾನಗಳು ಬಂದಿವೆ. 10ಎಕ್ಸ್‌ನವರ ಫ್ಲೆಕ್ಸ್‌ನಲ್ಲಿ ಕೋಶಗಳನ್ನು ಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿ, ಇಟ್ಟುಕೊಂಡು, ಆಮೇಲೆ ಕಳಿಸಬಹುದು. ಪ್ರತಿ ಜೀನ್‌ಗೂ ಮೊದಲೇ ತಯಾರಿಸಿದ ಪ್ರೋಬ್ (ಆ ಜೀನ್‌ನ ಆರ್‌ಎನ್‌ಎಗೆ ಅಂಟುವ ಡಿಎನ್‌ಎ ತುಣುಕು) ಇರುತ್ತದೆ. ಮನುಷ್ಯ ಮತ್ತು ಮೌಸ್‌ಗೆ ಮಾತ್ರ ತಯಾರಿ ಸೆಟ್ ಇರೋದು, ರ‍್ಯಾಟ್ ಆಗಿದ್ದರೆ ಈ ದಾರಿ ಮುಚ್ಚಿದಂತೆಯೇ. ಇನ್ನೊಂದು ಬಗೆಯಲ್ಲಿ ಹನಿ ಮಾಡುವ ಯಂತ್ರವೇ ಬೇಡ. ಸ್ಪ್ಲಿಟ್-ಸೀಕ್ ಅಂತ 2018ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ್ದು. ಫಿಕ್ಸ್ ಮಾಡಿದ ಕೋಶಗಳನ್ನು 96 ಗುಳಿಯ ಪ್ಲೇಟಿಗೆ ಹಂಚಿ ಒಂದು ಬಾರ್‌ಕೋಡ್ ಹಾಕೋದು, ಎಲ್ಲ ಕೂಡಿಸಿ ಮತ್ತೆ ಹಂಚಿ ಇನ್ನೊಂದು ಹಾಕೋದು. ಕೆಲವು ಸುತ್ತಿನ ನಂತರ ಹೆಚ್ಚುಕಡಿಮೆ ಪ್ರತಿ ಕೋಶಕ್ಕೂ ಬೇರೆಯೇ ಸರಣಿ ಬಂದಿರುತ್ತದೆ. ಪಾರ್ಸ್ ಕಂಪನಿಯ ಕಿಟ್‌ಗಳು ಇದೇ ತತ್ವದವು, ಪಿಪೆಟ್ ಮತ್ತು ತಾಳ್ಮೆ ಇದ್ದರೆ ನಿಮ್ಮ ಲ್ಯಾಬ್‌ನಲ್ಲೇ ಆಗುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ನಾನು ಫಿಕ್ಸ್ ಮಾಡುವ ದಾರಿಯನ್ನೇ ಹಿಡಿಯುತ್ತಿದ್ದೆ.

ಎಷ್ಟು ಮೌಸ್ ಅನ್ನೋದು ಮುಂದಿನ ಪ್ರಶ್ನೆ. ಬಹಳ ಜನ ಎಡವುವ ಜಾಗ ಇದು. ಗುಂಪಿಗೆ ಒಂದು ಮೌಸ್ ತೆಗೆದುಕೊಂಡು ಐದೈದು ಸಾವಿರ ಕೋಶ ಓದಿ, ‘ನಮ್ಮ ಸಂಖ್ಯೆ ಹತ್ತು ಸಾವಿರ’ ಅನ್ನುತ್ತಾರೆ. ಒಂದೇ ಮೌಸ್‌ನ ಐದು ಸಾವಿರ ಕೋಶಗಳು ಒಂದೇ ಮೌಸ್‌ನ ಕಥೆ ಹೇಳುತ್ತವೆ. ಕೋಶಗಳನ್ನೇ ಬಿಡಿ ಸ್ಯಾಂಪಲ್ ಅಂತ ಎಣಿಸಿದರೆ ಸುಳ್ಳು ಜೀನ್‌ಗಳ ಉದ್ದ ಪಟ್ಟಿ ಬರುತ್ತದೆ, ಪಿ ವ್ಯಾಲ್ಯೂ ಮಾತ್ರ ಅದ್ಭುತವಾಗಿರುತ್ತದೆ. ಗುಂಪಿಗೆ ಕನಿಷ್ಠ ಮೂರು, ಸಾಧ್ಯವಾದರೆ ನಾಲ್ಕು ಮೌಸ್ ಇರಲಿ. ಲೆಕ್ಕ ಹಾಕುವಾಗ ಪ್ರತಿ ಮೌಸ್‌ನ ಮ್ಯಾಕ್ರೋಫೇಜ್‌ಗಳ ಎಣಿಕೆಯನ್ನು ಕೂಡಿಸಿ ಒಂದು ಸ್ಯಾಂಪಲ್ ಮಾಡಿ, ಬಲ್ಕ್‌ಗೆ ಬಳಸುವ ಡಿಇಸೀಕ್2 ಸಾಫ್ಟ್‌ವೇರ್‌ನಲ್ಲೇ ಹೋಲಿಸಿ. ಸೂಡೊಬಲ್ಕ್ ಅಂತ ಇದರ ಹೆಸರು.

ಎಂಟು ಮೌಸ್‌ಗೆ ಎಂಟು ಲೇನ್ (ಯಂತ್ರದ ಚಿಪ್‌ನ ಒಂದೊಂದು ಸಾಲು) ಕೊಳ್ಳೋಕೆ ಹಣ ಎಲ್ಲಿದೆ ಅಂತೀರಿ. ಲೇನಿಗೇ ಲಕ್ಷ ದಾಟುತ್ತದೆ, ನಿಜ. ಫ್ಲೆಕ್ಸ್‌ನಲ್ಲೂ ಪಾರ್ಸ್‌ನಲ್ಲೂ ಮೊದಲ ಹಂತದಲ್ಲೇ ಸ್ಯಾಂಪಲ್‌ಗೊಂದು ಗುರುತು ಬೀಳುತ್ತದೆ, ಬೆರೆಸಿ ಓಡಿಸಬಹುದು. ಮಾಮೂಲಿ ಹನಿ ವಿಧಾನಕ್ಕೇ ಹೋದರೆ ಸೆಲ್ ಹ್ಯಾಷಿಂಗ್ ಇದೆ. ಪ್ರತಿ ಮೌಸ್‌ನ ಕೋಶಗಳಿಗೆ ಬೇರೆ ಬೇರೆ ಡಿಎನ್‌ಎ ಗುರುತಿನ ಆ್ಯಂಟಿಬಾಡಿ ಅಂಟಿಸಿ ಎಲ್ಲವನ್ನೂ ಒಂದೇ ಲೇನಿಗೆ ಹಾಕೋದು. ಎರಡು ಗುಂಪಿನ ಮೌಸ್‌ಗಳೂ ಪ್ರತಿ ಲೇನ್‌ನಲ್ಲಿ ಇರಲೇಬೇಕು. ಒಂದು ಲೇನ್ ಕಂಟ್ರೋಲ್, ಇನ್ನೊಂದು ಕೊಬ್ಬಿನ ಆಹಾರ ಅಂತ ಮಾಡಿದರೆ ಕಾಣುವ ವ್ಯತ್ಯಾಸ ಆಹಾರದ್ದೋ ಲೇನಿನದ್ದೋ ಹೇಳೋಕಾಗಲ್ಲ. ಹ್ಯಾಷಿಂಗ್‌ನಿಂದ ಇನ್ನೊಂದು ಲಾಭ: ಒಂದೇ ಹನಿಯಲ್ಲಿ ಎರಡು ಕೋಶ ಸೇರಿಕೊಂಡ ಡಬ್ಲೆಟ್‌ಗಳಲ್ಲಿ ಹೆಚ್ಚಿನವು ಸಿಕ್ಕಿಬೀಳುತ್ತವೆ. ಹಳೆಯ ಕಿಟ್‌ಗಳಲ್ಲಿ ಹತ್ತು ಸಾವಿರ ಕೋಶ ತೆಗೆದರೆ ನೂರಕ್ಕೆ ಸುಮಾರು 8 ಡಬ್ಲೆಟ್ ಬರುತ್ತಿದ್ದವು. ಮ್ಯಾಕ್ರೋಫೇಜ್ ಜೊತೆ ರಕ್ತನಾಳದ ಒಳಪದರದ ಎಂಡೋಥೀಲಿಯಲ್ ಕೋಶ ಸೇರಿದ ಡಬ್ಲೆಟ್‌ಗಳನ್ನು ‘ಹೊಸ ಬಗೆಯ ಕೋಶ’ ಅಂತ ಹೆಸರಿಡುವ ಆಸೆ ಯಾರಿಗೂ ಆಗುತ್ತದೆ, ಹುಷಾರು.

ಸೀಕ್ವೆನ್ಸಿಂಗ್ ಆಳಕ್ಕೆ ಕೋಶಕ್ಕೆ 20,000 ರೀಡ್ (ಓದಿದ ತುಣುಕು) ಅನ್ನೋದು ಮಾಮೂಲಿ ಲೆಕ್ಕ. ಐದು ಸಾವಿರ ಕೋಶಕ್ಕೆ 10 ಕೋಟಿ. ಫ್ಲೆಕ್ಸ್‌ಗೆ ಇದಕ್ಕಿಂತ ಕಡಿಮೆ ಸಾಕು. ಅನಾಲಿಸಿಸ್‌ಗೆ ಸೂರಾ ಅಥವಾ ಸ್ಕ್ಯಾನ್‌ಪೈ, ಎರಡೂ ಪುಕ್ಕಟೆ ಸಾಫ್ಟ್‌ವೇರ್, ಯಾವುದಾದರೂ ಆದೀತು. ಒಂದೊಂದು ಕೋಶವನ್ನೂ ಚುಕ್ಕೆಯಾಗಿ ತೋರಿಸುವ ಯುಮ್ಯಾಪ್ ಚಿತ್ರದಲ್ಲಿ ಎರಡು ಗುಂಪು ದೂರ ಇವೆ ಅಂತ ಅವು ಜೀವಶಾಸ್ತ್ರದಲ್ಲೂ ಅಷ್ಟೇ ದೂರ ಅಂತ ಬರೆಯಬೇಡಿ; ಆ ದೂರಕ್ಕೆ ಅಂಥ ಅರ್ಥ ಇಲ್ಲ.

ಸ್ಪೇಷಿಯಲ್ ಟ್ರಾನ್ಸ್‌ಕ್ರಿಪ್ಟೊಮಿಕ್ಸ್ (ಅಂಗಾಂಶದ ಯಾವ ಜಾಗದಲ್ಲಿ ಯಾವ ಜೀನ್ ಓಡುತ್ತಿದೆ ಅಂತ ನೋಡೋದು) ಮಾಡಿ ಅಂತಲೂ ಯಾರಾದರೂ ಹೇಳುತ್ತಾರೆ. ಅದಕ್ಕೆ ಬಳಸುವ ಮೊದಲ ವಿಸಿಯಂ ಸ್ಲೈಡ್‌ನ ಒಂದು ಚುಕ್ಕೆ 55 ಮೈಕ್ರಾನ್ ಅಗಲ, ಅದರಲ್ಲಿ ಹಲವು ಕೋಶ ಸೇರಿಹೋಗುತ್ತವೆ. ಈಗಿನ ಎಚ್‌ಡಿ ಸ್ಲೈಡ್ ಎಷ್ಟೋ ನಯ, ಬೆಲೆಯೂ ಹಾಗೇ. ನಿಮಗೆ ಈಗ ಬೇಡ.

ಫೆಸಿಲಿಟಿಯವರ ಹತ್ತಿರ ಮಾತಾಡುವಾಗ ಮೂರು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸ್ಯಾಂಪಲ್ ತಲುಪಿದ ಮೇಲೆ ಕೋಶಗಳ ಎಣಿಕೆ, ಗಂಟು ಕಟ್ಟಿವೆಯೋ ಇಲ್ಲವೋ ನೋಡಿ, ಚೆನ್ನಾಗಿಲ್ಲದಿದ್ದರೆ ಕಿಟ್ ಬಳಸುವ ಮುಂಚೆ ನಿಮಗೆ ಫೋನ್ ಮಾಡುತ್ತಾರಾ? ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಆದ ಮೇಲೆ ಅದರ ಗುಣಮಟ್ಟದ ಚಿತ್ರ ಕಳಿಸಿ, ನೀವು ಹೂಂ ಅಂದ ಮೇಲೆ ಸೀಕ್ವೆನ್ಸಿಂಗ್‌ಗೆ ಹೋಗುತ್ತಾರಾ? ಕೊನೆಗೆ ಬರೀ ಬಣ್ಣದ ರಿಪೋರ್ಟ್ ಕೊಟ್ಟು ಸುಮ್ಮನಾಗದೆ ಫಾಸ್ಟ್‌ಕ್ಯೂ (ಸೀಕ್ವೆನ್ಸರ್‌ನ ಮೂಲ ಡೇಟಾ) ಫೈಲ್‌ಗಳನ್ನೂ ಕೊಡುತ್ತಾರಾ? ಪೇಪರ್ ಒಪ್ಪಿಗೆಯಾಗುವ ಹೊತ್ತಿಗೆ ಪತ್ರಿಕೆಯವರು ಡೇಟಾವನ್ನು ಸಾರ್ವಜನಿಕವಾಗಿ ಹಾಕಿ ಅನ್ನುತ್ತಾರೆ, ಆಗ ಆ ಫೈಲ್‌ಗಳು ಬೇಕಾಗುತ್ತವೆ.